ನಮ್ಮ ಸಣ್ಣ ಕಾಲೇಜಲ್ಲಿ ಬಿಎ ಓದೋದು ಅಂದ್ರೆ

ಕೊಡಗಲ್ಲಿ ಬಿಎ ಸೇರಿದೀನಿ ಅಂದ್ರೆ ಸಾಕು, "ಯಾಕೆ, ಪಿಯುಸಿಲಿ ಮಾರ್ಕ್ಸ್ ಕಮ್ಮಿ ಬಂತಾ?" ಅಂತ ಕೇಳ್ತಾರೆ. ಮದುವೆ ಮನೇಲಿ, ಬಸ್ಸಲ್ಲಿ, ಎಲ್ಲಾ ಕಡೆ ಇದೇ. ಅದಕ್ಕೇ ಇದನ್ನ ಬರೀತಿದೀನಿ. ಬೆಂಗಳೂರಲ್ಲಿ ಲಕ್ಷಗಟ್ಟಲೆ ಫೀಸ್ ತಗೊಂಡು ಲಿಬರಲ್ ಆರ್ಟ್ಸ್ ಅಂತ ಕಲಿಸ್ತಾರಲ್ಲ, ಒಂದು ವಿಷಯನ ನಾಲ್ಕು ಕಡೆಯಿಂದ ನೋಡೋದು, ಅದು ನಂಗೆ ಈ ಮಳೆ ಊರಿನ ಸಣ್ಣ ಕಾಲೇಜಲ್ಲೇ ಸಿಕ್ಕಿದೆ.

ನಾವು 2023ರಲ್ಲಿ ಸೇರಿದೋರು, ಅಂದ್ರೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಸಿಲಬಸ್‌ನ ಕೊನೇ ಬ್ಯಾಚು. 2024ರಿಂದ ಸರ್ಕಾರ ಮತ್ತೆ 3 ವರ್ಷದ ಡಿಗ್ರಿಗೆ ವಾಪಸ್ ಹೋಯ್ತು, ಹಾಗಾಗಿ ಜೂನಿಯರ್ಸ್‌ಗೆ ಬೇರೆ ಸಿಲಬಸ್, ಪಾಪ ನಮ್ಮ ಲೆಕ್ಚರರ್‌ಗಳು ಬೆಳಿಗ್ಗೆ ಒಂದು ಮಧ್ಯಾಹ್ನ ಇನ್ನೊಂದು ಅಂತ ಎರಡೂ ಪಾಠ ಮಾಡ್ತಾರೆ. ಎನ್‌ಇಪಿ ಬಗ್ಗೆ ಬೈಯೋಕೆ ಬೇಕಾದಷ್ಟಿದೆ, ಆದ್ರೆ ಓಪನ್ ಎಲೆಕ್ಟಿವ್ ಅಂತ ಒಂದಿತ್ತಲ್ಲ, ಬೇರೆ ವಿಭಾಗದ ಪೇಪರ್ ನಾವೇ ಆರಿಸ್ಕೊಳ್ಳೋದು, ಅದು ಮಾತ್ರ ನಿಜವಾಗ್ಲೂ ಒಳ್ಳೇದು.

ನಂದು ಹಿಸ್ಟರಿ, ಎಕನಾಮಿಕ್ಸ್. ಓಪನ್ ಎಲೆಕ್ಟಿವ್‌ಗೆ ಬಾಟನಿಯವರ ಪೇಪರ್ ತಗೊಂಡೆ. ಕಾಫಿಲಿ ಅರೇಬಿಕಾ ತಳಿ ತನ್ನ ಪರಾಗದಲ್ಲೇ ಕಾಯಿ ಕಟ್ಟತ್ತೆ, ರೋಬಸ್ಟಾಗೆ ಮಾತ್ರ ಬೇರೆ ಗಿಡದ ಪರಾಗ ಬೇಕು, ಅದಕ್ಕೆ ಗಾಳಿ ಮತ್ತೆ ಜೇನು ಬೇಕು ಅಂತ ಅಲ್ಲೇ ಗೊತ್ತಾಗಿದ್ದು. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗೋದು ಹುಟ್ಟಿದಾಗಿಂದ ನೋಡಿದೀನಿ, ಆದ್ರೆ ಹೂ ಅರಳಿದಾಗ ಜೋರು ಮಳೆ ಬಂದ್ರೆ ಮನೇಲಿ ಯಾಕೆ ಅಷ್ಟು ತಲೆ ಕೆಡಿಸ್ಕೊಳ್ತಾರೆ ಅಂತ ಆಗ ಅರ್ಥ ಆಯ್ತು.

ಅದೇ ಸೆಮಿಸ್ಟರಲ್ಲಿ ಹಿಸ್ಟರಿ ಕ್ಲಾಸಲ್ಲೂ ಕಾಫಿ! 1834ರಲ್ಲಿ ಚಿಕ್ಕವೀರರಾಜೇಂದ್ರನ ಕೈಯಿಂದ ಕೊಡಗು ಬ್ರಿಟಿಷರಿಗೆ ಹೋಯ್ತು, ಆಮೇಲೆ 1850ರ ದಶಕದಲ್ಲಿ ಯುರೋಪಿಯನ್ ಪ್ಲಾಂಟರ್‌ಗಳು ಮಡಿಕೇರಿ ಸುತ್ತ ಕಾಡು ಕಡಿದು ಎಸ್ಟೇಟ್ ಶುರು ಮಾಡಿದ್ರು. ಎಕನಾಮಿಕ್ಸ್‌ಗೆ ಬಂದ್ರೆ 1942ರ ಕಾಫಿ ಕಾಯ್ದೆ, ಪೂಲ್ ಪದ್ಧತಿ. ಬೆಳೆದಿದ್ದನ್ನೆಲ್ಲ ಕಾಫಿ ಬೋರ್ಡ್‌ಗೆ ಕೊಡ್ಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು, 90ರ ದಶಕದಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ 1996ಕ್ಕೆ ಪೂರ್ತಿ ಬಿಟ್ರು. ತಾತ "ಪೂಲ್ ದುಡ್ಡು" ಅಂತಿದ್ದಿದ್ದು ಇದನ್ನೇ. ಸಣ್ಣ ಕಾಲೇಜು ಆಗಿದ್ದಕ್ಕೆ ಬಾಟನಿ ಮೇಡಂ, ಹಿಸ್ಟರಿ ಸರ್ ಇಬ್ರೂ ಒಂದೇ ಸ್ಟಾಫ್‌ ರೂಮಲ್ಲಿ ಕೂರ್ತಾರೆ, ಒಬ್ರ ಹತ್ರ ಕೇಳೋಕೆ ಹೋದ್ರೆ ಇನ್ನೊಬ್ರೂ ಮಾತಿಗೆ ಸೇರ್ಕೋತಾರೆ. ದೊಡ್ಡ ಕ್ಯಾಂಪಸ್ಸಲ್ಲಿ ಇದು ಇಷ್ಟು ಸುಲಭಕ್ಕೆ ಆಗಲ್ಲ ಅನ್ಸತ್ತೆ.

ಆದ್ರೆ ನನ್ನ ತಲೇಲಿ ಉಳಿದಿರೋದು ಬೇರೆ ಒಂದು ಕ್ಲಾಸು. ನಮ್ಮ ಬೆಂಚಲ್ಲಿ ತೋಟದ ಮಾಲೀಕರ ಮಕ್ಕಳೂ ಇದ್ದಾರೆ, ಲೈನ್ ಮನೇಲಿ, ಅಂದ್ರೆ ತೋಟದ ಕೆಲಸಗಾರರ ಮನೇಲಿ ಬೆಳೆದೋರೂ ಇದ್ದಾರೆ, ಮನೇಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಏನೇ ಇದ್ರೂ ಇಲ್ಲಿ ಎಲ್ರೂ ಕನ್ನಡ. ಆವತ್ತು 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಪಾಠ (2025ರ ನವೆಂಬರಲ್ಲಿ ಅದರ ಜಾಗಕ್ಕೆ ಹೊಸ ಲೇಬರ್ ಕೋಡ್ ಬಂತು), ಮಾಲೀಕರು ಕಾರ್ಮಿಕರಿಗೆ ಮನೆ ಕೊಡ್ಬೇಕು, ಆಸ್ಪತ್ರೆ ಸೌಲಭ್ಯ ಕೊಡ್ಬೇಕು, 5 ಹೆಕ್ಟೇರ್‌ಗಿಂತ ಚಿಕ್ಕದಾದ ಅಥವಾ 15 ಜನಕ್ಕಿಂತ ಕಮ್ಮಿ ಕೆಲಸಗಾರರು ಇರೋ ತೋಟಕ್ಕೆ ಸಾಮಾನ್ಯವಾಗಿ ಅನ್ವಯ ಆಗಲ್ಲ ಅಂತ ಸರ್ ಬರೆಸ್ತಿದ್ರು. ನನ್ನ ಫ್ರೆಂಡ್ ಎದ್ದು ನಿಂತು ಕೇಳಿದ್ಲು, "ಸರ್, ಇಲ್ಲಿ ಜಾಸ್ತಿ ಇರೋದೇ ಸಣ್ಣ ತೋಟ, ಹಾಗಾದ್ರೆ ನಮ್ಮಮ್ಮನಂಥೋರಿಗೆ ಈ ಕಾನೂನು ಇಲ್ವಾ?" ಸರ್ ಬರೆಸೋದು ನಿಲ್ಲಿಸಿದ್ರು. ಆ ಪೀರಿಯಡ್ ಪೂರ್ತಿ ಅದರ ಮೇಲೇ ಮಾತು, ಸಣ್ಣ ತೋಟದ ಮನೆ ಹುಡುಗ ಒಬ್ಬ "ಕಾಯಿ ಕುಯ್ಯೋಕೆ ಜನಾನೇ ಸಿಗಲ್ಲ, ರೇಟ್ ಬಿದ್ದ ವರ್ಷ ನಾವೆಲ್ಲಿಂದ ತರೋದು" ಅಂದ, ಇವಳು ಬಿಡ್ಲಿಲ್ಲ, ಇಬ್ರೂ ಬಿಸಿ ಆದ್ರು, ಆದ್ರೂ ಸಂಜೆ ಒಂದೇ ಸಿದ್ದಾಪುರ ಬಸ್ಸಲ್ಲಿ ಹೋದ್ರು. ಇಂಥ ಕ್ಲಾಸು ನಂಗೆ ತುಂಬಾ ದೊಡ್ಡದು, ಯಾವ ರ‍್ಯಾಂಕಿಂಗಲ್ಲೂ ಇದು ಕಾಣಲ್ಲ.

ಕಷ್ಟ ಇಲ್ಲ ಅಂತಲ್ಲ. ಜುಲೈ ಮಳೇಲಿ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಲೈಬ್ರರಿಲಿ ಹೊಸ ಪುಸ್ತಕ ಕಮ್ಮಿ.

ಈಗ ನಾನು, ಪ್ರಶ್ನೆ ಕೇಳಿದ ಆ ಫ್ರೆಂಡ್ ಇಬ್ರೂ ಸೇರಿ ಪ್ರಾಜೆಕ್ಟ್ ಮಾಡ್ತಿದೀವಿ, ಪೂಲ್ ಇದ್ದ ಕಾಲದಲ್ಲಿ ಮತ್ತೆ ಆಮೇಲೆ ತೋಟದ ಕೂಲಿ ಹೇಗೆ ಬದಲಾಯ್ತು ಅಂತ. ಸರ್ಕಾರಿ ಅಂಕಿ ಅಂಶದ ಜೊತೆಗೆ ಮನೆಗಳಲ್ಲಿರೋ ಹಳೇ ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿ ಲೆಕ್ಕದ) ಪುಸ್ತಕಗಳನ್ನೂ ನೋಡ್ಬೇಕು ಅಂತ ಸರ್ ಹೇಳಿದಾರೆ. ನಿಮ್ಮ ಮನೆ ಅಟ್ಟದಲ್ಲಿ 1996ಕ್ಕಿಂತ ಹಿಂದಿನದು ಯಾವುದಾದ್ರೂ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ, ನಮಗೆ ಹೇಳಿ, ಬಂದು ಫೋಟೋ ತಗೊಂಡು ಹೋಗ್ತೀವಿ.