ಮಾವ ಮತ್ತು ನನ್ನದೊಂದು ‘ಹೂಂ’

“ಮನಿಕ್ಕಳ್ಳಿ ಬುಡ್ಲಾ, ಇಳುದ್‌ಮ್ಯಾಲೆ ಏಳ್ತಾನೆ” ಅಂದದ್ದು ಗಂಡಿನ ಚಿಕ್ಕಪ್ಪ. ನಾನು “ಹೂಂ” ಅಂದೆ. ಭಾನುವಾರದಿಂದ ಆ ‘ಹೂಂ’ ಕಿವಿಯಲ್ಲೇ ಕೂತಿದೆ.

ಮದ್ದೂರಿನ ಹತ್ತಿರದ ಹಳ್ಳಿ, ಬೀಗರ ಊಟದ ಬೆಳಿಗ್ಗೆ. ಹಿಂದಿನ ರಾತ್ರಿ ತೆಂಗಿನ ತೋಟದಲ್ಲಿ ಏನು ನಡೆದಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಆರೂವರೆ ಹೊತ್ತಿಗೆ ನನ್ನ ಸೋದರಮಾವ ಜಗಲಿಯ ಚಾಪೆ ಮೇಲೆ ಬಿದ್ದಿದ್ದ. ಅಲುಗಾಡಿಸಿದರೆ ತೊದಲಿದ, ಇನ್ನೊಂದು ಸಲ ಅಲುಗಾಡಿಸಿದರೆ ಕೈ ಬೀಸಿ ಬೈದ. ಒಬ್ಬರು ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಮಜ್ಜಿಗೆ ತಂದರು. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಎಲ್ಲ ಕಡೆಯೂ ಇಂಥವನೊಬ್ಬ ಇದ್ದೇ ಇರುತ್ತಾನೆ.

ಅವ್ವ ಸ್ನಾನ ಮುಗಿಸಿ ಬಂದಳು. ತಮ್ಮನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. “ಈ ಪಾಟಿ ಬೆವರು ಯಾಕ್ಲಾ? ಫ್ಯಾನ್ ತಿರುಗ್ತಾ ಅದೆ” ಅಂದಳು. ಅಂಗಿ ನೀರಲ್ಲಿ ಅದ್ದಿ ತೆಗೆದಂತಿತ್ತು. ಮುಟ್ಟಿದರೆ ಮೈ ತಣ್ಣಗೆ. ನಾನು ಅದೇ ಬೆವರನ್ನು ಹತ್ತು ನಿಮಿಷದಿಂದ ನೋಡುತ್ತಿದ್ದೆ, ನನ್ನ ಕಣ್ಣಿಗೆ ಬರೀ ಕುಡಿತ ಕಂಡಿತ್ತು.

ಅವ್ವನಿಗೂ ಶುಗರ್, ಬ್ಯಾಗಿನಲ್ಲಿ ಮಿಷನ್ ಇಲ್ಲದೆ ಊರು ದಾಟುವುದಿಲ್ಲ. ಮಾವನ ಬೆರಳು ಒರೆಸಿ ಚುಚ್ಚಿದಳು. 34. ಎಪ್ಪತ್ತಕ್ಕಿಂತ ಕೆಳಗಿಳಿದರೇ ಎಚ್ಚರಿಕೆ ಅನ್ನುತ್ತಾರೆ.

ಅವಳು ಅಡಿಗೆಯವರ ಹತ್ತಿರ ಓಡಿ, ಟೀಗೆ ಇಟ್ಟಿದ್ದ ಸಕ್ಕರೆ ಡಬ್ಬಿಗೇ ಕೈ ಹಾಕಿ, ಲೋಟದ ನೀರಲ್ಲಿ ಕಲಕಿ ತಂದಳು. ಇಬ್ಬರು ಹಿಡಿದು ಕೂರಿಸಿದೆವು. ನುಂಗುತ್ತಾನೋ ಇಲ್ಲವೋ ಅಂತ ಮೊದಲು ಒಂದು ಚಮಚ ಕೊಟ್ಟು ನೋಡಿದಳು. ಪುಣ್ಯಕ್ಕೆ ನುಂಗಿದ. ಪೂರ್ತಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತೆ ಅಂತ ಆಮೇಲೆ ಅವಳೇ ಹೇಳಿದಳು. ಹದಿನೈದು ನಿಮಿಷಕ್ಕೆ 58. ಇನ್ನೊಂದು ಲೋಟ ಆದ ಮೇಲೆ 84. ಎರಡು ಇಡ್ಲಿ ತಿಂದು “ಏನಾಯ್ತಕ್ಕಾ?” ಅಂದ. ನಾವು ಗೆದ್ದೆವು ಅಂದುಕೊಂಡೆವು. ಹತ್ತು ಗಂಟೆಗೆ ಮತ್ತೆ 51.

‘ಮನಿಕ್ಕಳ್ಳಿ ಬುಡು’ ಅಂದ ಅದೇ ಚಿಕ್ಕಪ್ಪ ಚಪ್ಪಲಿಯನ್ನೂ ಮೆಟ್ಟದೆ ಕಾರು ತೆಗೆದರು. ಆ ಮನುಷ್ಯ ಕೆಟ್ಟವರಲ್ಲ.

ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿದ ಮೇಲೆ ಕತೆ ಬಿಚ್ಚಿಕೊಂಡಿತು. ಮಾವನಿಗೆ ಅವನದೇ ಒಂದು ಲೆಕ್ಕವಿತ್ತು. ಬಿಯರು ಕುಡಿದರೆ ಶುಗರ್ ಏರುತ್ತೆ, ವಿಸ್ಕಿಯಲ್ಲಿ ಸಕ್ಕರೆಯೇ ಇಲ್ಲ. ಎಣ್ಣೆ ಹಾಕುವ ದಿನ ಮುದ್ದೆ, ಅನ್ನ ಬಿಟ್ಟರೆ ಸರಿಹೋಯಿತು. ಆ ರಾತ್ರಿ ಒಂದು ಕ್ವಾರ್ಟರ್, ಮೇಲೊಂದು ನೈಂಟಿ, ನೆಂಚಿಕೊಳ್ಳಲು ಕೋಳಿ ಫ್ರೈ ಅಷ್ಟೆ. ಮಲಗುವಾಗ ನೆನಪು ಮಾಡಿಕೊಂಡು ಶುಗರ್ ಮಾತ್ರೆಯನ್ನೂ ನುಂಗಿದ್ದಾನೆ. ಶಿಸ್ತಿನ ಮನುಷ್ಯ!

ಆ ಶಿಸ್ತೇ ಕೈಕೊಟ್ಟಿತ್ತು. ಅವನದು ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿದ ಮಾತ್ರೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ಇಷ್ಟು ಕೆಳಗೆ ಬೀಳುವುದು ಅಪರೂಪವಂತೆ. ಗ್ಲಿಮೆಪಿರೈಡ್ ಹಾಗಲ್ಲ, ನೀವು ಉಂಡಿದ್ದೀರೋ ಉಪವಾಸವೋ ಕೇಳದೆ, ಶುಗರ್ ಇಳಿಸುವ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ಊಟವಿಲ್ಲದ ರಾತ್ರಿಯಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಆದರೆ ಎಣ್ಣೆ ಹೊಟ್ಟೆಗಿಳಿದಿದ್ದರೆ ಅದಕ್ಕೆ ಎಣ್ಣೆ ಸುಡುವುದೇ ಮೊದಲ ಕೆಲಸ, ಹೊಸ ಸಕ್ಕರೆ ತಯಾರಿಸುವುದು ನಿಂತುಹೋಗುತ್ತದೆ. ಕೂಡಿಟ್ಟ ಸಕ್ಕರೆ ಖಾಲಿಯಾಯಿತೋ, ಮುಗಿಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಬಾಟಲಿ ಮೇಲೆ 42.8% ಅಂತಿರುತ್ತದೆ. ಕ್ವಾರ್ಟರ್, ನೈಂಟಿ ಸೇರಿ 270 ಎಂಎಲ್, ಅಂದರೆ 90 ಗ್ರಾಂ ಚಿಲ್ಲರೆ ಆಲ್ಕೋಹಾಲ್. ಲಿವರ್ ಗಂಟೆಗೆ ಹೆಚ್ಚುಕಮ್ಮಿ ಎಂಟು ಹತ್ತು ಗ್ರಾಂ ಕರಗಿಸುತ್ತದೆ. ಅಂದರೆ ಬೆಳಿಗ್ಗೆ ಆರೂವರೆಗೆ ಅದಕ್ಕೆ ಇನ್ನೂ ರಾತ್ರಿಯ ಕೆಲಸವೇ ಮುಗಿದಿರಲಿಲ್ಲ. ‘ಇಳಿದಿಲ್ಲ’ ಅಂದದ್ದು ಸುಳ್ಳೇನಲ್ಲ. ಅದರ ಜೊತೆಗೆ ಶುಗರ್ ಪಾತಾಳಕ್ಕೆ ಇಳಿದಿತ್ತು, ಅಷ್ಟೆ. ತೊದಲು, ತೂರಾಟ, ಸಿಡುಕು, ನಿದ್ದೆ ಎರಡರಲ್ಲೂ ಒಂದೇ. ಬೆರಳು ಚುಚ್ಚದೆ ಡಾಕ್ಟರಿಗೂ ಗೊತ್ತಾಗಲ್ಲವಂತೆ.

ಅದೇ ಜಗಲಿಯಲ್ಲಿ ಕುಡಿಯದ ಮೇಷ್ಟ್ರೊಬ್ಬರು ಹಾಗೆ ಬಿದ್ದಿದ್ದರೆ? ಲಕ್ವವೋ, ಹಾರ್ಟೋ ಅಂತ ಐದು ನಿಮಿಷದಲ್ಲಿ ಕಾರು ಹತ್ತಿಸುತ್ತಿದ್ದೆವು. ಮಾವ ಕುಡುಕ ಅಂತ ತೀರ್ಮಾನವಾಗಿ ವರ್ಷಗಳೇ ಆಗಿವೆ. ಅವನ ಮೈಗೆ ಬೇರೆ ಏನಾದರೂ ಆಗಬಹುದು ಅನ್ನುವುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಿ.ಎಸ್ಸಿ ಓದಿದ ನನಗೂ.

ಮಾವನೂ ಕಮ್ಮಿಯಿಲ್ಲ. ಒಂಬತ್ತು ವರ್ಷ ಶುಗರ್ ಡಾಕ್ಟರಿಗೆ “ಕುಡಿಯಲ್ಲ ಸಾ” ಅಂತಲೇ ಹೇಳಿಕೊಂಡು ಬಂದಿದ್ದಾನೆ. ಅತ್ತೆ ಪಕ್ಕದಲ್ಲೇ ಕೂತಿರುವಾಗ ಇನ್ನೇನು ಹೇಳಿಯಾನು? ಈ ಸಲ ನರ್ಸಿಂಗ್ ಹೋಮಿನ ಡಾಕ್ಟರು ಕೇಳಿದಾಗ “ಹಬ್ಬ ಹುಣ್ಣಿಮೆಗೆ ಸಾ” ಅಂದ. ಅತ್ತೆ ತಲೆಯನ್ನೂ ಎತ್ತದೆ, “ನಮ್ಮೂರಲ್ಲಿ ದಿನಾ ಹುಣ್ಣಿಮೆ ಸಾ” ಅಂದಳು. ಡಾಕ್ಟರು ನಗಲಿಲ್ಲ, ಮಾತ್ರೆ ಬದಲಾಯಿಸಿ ಬರೆದರು. ಮಾತ್ರೆಯ ಪರಿಣಾಮ ಇನ್ನೂ ಇದೆ, ಮತ್ತೆ ಬೀಳಬಹುದು ಅಂತ ಮರುದಿನ ಸಂಜೆಯವರೆಗೆ ಇಟ್ಟುಕೊಂಡರು.

ಆ ರಾತ್ರಿ ಕಾವಲಿಗೆ ನಾನಿದ್ದೆ. ಎರಡು ಗಂಟೆಗೊಮ್ಮೆ ನರ್ಸ್ ಬಂದು ಬೆರಳು ಚುಚ್ಚಿ ಹೋಗುತ್ತಿದ್ದರು. ಒಂದು ಸಲ ಹಾಗೆ ಎಚ್ಚರವಾದವನು ಛಾವಣಿ ನೋಡುತ್ತಾ ಅಂದ: “ನೀವು ಮಾತಾಡದು ಕೇಳುಸ್ತಿತ್ತು ಕಣ್ಲಾ. ಬಾಯೇ ಬತ್ತಿರಲಿಲ್ಲ. ನೀನೂ ಹೂಂ ಅಂದೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಹೊದಿಕೆ ಎಳೆದುಕೊಂಡು ಅವನು ಗೋಡೆ ಕಡೆ ಹೊರಳಿದ.