ಬೆಂಚುಗಳಿಲ್ಲದ ಚರ್ಚು

ಮೆಕ್ಸಿಕೊದ ದಕ್ಷಿಣದಲ್ಲಿ, ಗ್ವಾಟೆಮಾಲಾ ಗಡಿಗೆ ತಾಗಿಕೊಂಡು, ಚಿಯಾಪಾಸ್ ಅನ್ನೋ ರಾಜ್ಯವಿದೆ. ಅಲ್ಲಿನ ಸಾನ್ ಕ್ರಿಸ್ತೋಬಾಲ್ ದೆ ಲಾಸ್ ಕಾಸಾಸ್ ಊರಲ್ಲಿ ನಾನೂ ಅಕ್ಕನೂ ನಾಲ್ಕು ದಿನ ಇದ್ದೆವು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಬೆಳಗ್ಗೆ ಒಳ್ಳೆ ಚಳಿ. ಅಲ್ಲಿಂದ ಸಾನ್ ಹುವಾನ್ ಚಮುಲಾ ಅನ್ನೋ ಊರು ಬರೀ 10 ಕಿಲೋಮೀಟರ್. ಭಾನುವಾರ ಸಂತೆ ಇರುತ್ತದೆ, ಅವತ್ತೇ ಹೋಗಿಬರೋಣ ಅಂದಳು ಅಕ್ಕ.

ಮಾರ್ಕೆಟ್ ಪಕ್ಕದಲ್ಲಿ ವ್ಯಾನ್ ಸಿಗುತ್ತದೆ. ಕೊಲೆಕ್ತೀವೊ ಅನ್ನುತ್ತಾರೆ. ನಮ್ಮ ಊರ ಕಡೆಯ ಟೆಂಪೋ ಹಾಗೆ, ಜನ ತುಂಬಿದ ಮೇಲೇ ಹೊರಡೋದು. ನನ್ನ ಪಕ್ಕ ಕೂತ ಅಜ್ಜಿ ಕಪ್ಪು ಉಣ್ಣೆಯ ಲಂಗ ಹಾಕಿದ್ದರು. ಜೂಲು ಜೂಲಾಗಿ ಕೂದಲು ಇಳಿಬಿಟ್ಟ ದಪ್ಪ ಬಟ್ಟೆ, ಕಂಬಳಿಗಿಂತಲೂ ಭಾರ. ಕುರಿ ಸಾಕೋದು, ಉಣ್ಣೆ ತೆಗೆಯೋದು, ನೂಲೋದು, ನೇಯೋದು ಎಲ್ಲ ಹೆಂಗಸರದ್ದೇ. ಆದರೆ ಚಮುಲಾದವರು ಕುರಿ ತಿನ್ನುವುದಿಲ್ಲ. ಊರ ದೇವರು, ಏಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ ಸ್ನಾನಿಕ ಯೋಹಾನನ ಜೊತೆಗಿರೋದು ಕುರಿಮರಿ ಅಲ್ವಾ?

ಇವರು ತ್ಸೋತ್ಸಿಲ್ ಅನ್ನೋ ಮಾಯಾ ಮೂಲನಿವಾಸಿ ಜನ. ತಮ್ಮ ಭಾಷೆಯನ್ನು ಬಾತ್ಸಿ ಕೋಪ್ ಅಂತ ಕರೆಯುತ್ತಾರೆ. ನಿಜವಾದ ಮಾತು ಅಂತ ಅರ್ಥ. ವ್ಯಾನ್‌ನಲ್ಲಿ ಸ್ಪ್ಯಾನಿಷ್ ಕಿವಿಗೆ ಬಿದ್ದದ್ದೇ ಕಡಿಮೆ.

ಊರ ಅಂಚಿನಲ್ಲಿ ಸಾನ್ ಸೆಬಾಸ್ಟಿಯನ್ನರ ಹಳೆಯ ಚರ್ಚು ಇದೆ. ಚಾವಣಿ ಇಲ್ಲ, ಗೋಡೆಗಳಷ್ಟೇ. ಸುತ್ತ ಸ್ಮಶಾನ. ಮಣ್ಣಿನ ದಿಬ್ಬಗಳ ಮೇಲೆ ಮರದ ಶಿಲುಬೆಗಳು, ಕಪ್ಪು, ಬಿಳಿ, ನೀಲಿ. ವಯಸ್ಸಾಗಿ ಹೋದವರಿಗೆ ಕಪ್ಪು, ಮಕ್ಕಳಿಗೆ ಬಿಳಿ ಅಂತ ಜೊತೆಗೆ ಬಂದ ಸ್ಥಳೀಯ ಗೈಡ್ ಹೇಳಿದರು. ಚಿಕ್ಕ ಬಿಳಿ ಶಿಲುಬೆಗಳನ್ನು ಎಣಿಸಲು ಶುರುಮಾಡಿದ ಅಕ್ಕ ಅರ್ಧಕ್ಕೇ ಬಿಟ್ಟಳು.

ಸಂತೆ ದಾಟಿದರೆ ಚೌಕ, ಚೌಕದಾಚೆ ಚರ್ಚು. ಬಿಳಿ ಗೋಡೆ, ಬಾಗಿಲ ಸುತ್ತ ಹಸಿರು, ನೀಲಿ ಬಣ್ಣದ ಹೂವಿನ ಕಮಾನು. ಮೊದಲು ಟಿಕೆಟ್ ತಗೋಬೇಕು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಫೋನು ಬ್ಯಾಗಿನೊಳಗೆ ಹಾಕಿ ಕಾಲಿಟ್ಟೆವು.

ಮೊದಲು ಮೂಗಿಗೆ ಬಡಿದದ್ದು ಹಸಿ ಪೈನ್ ವಾಸನೆ. ಆಮೇಲೆ ಕೋಪಲ್ ಧೂಪದ ಹೊಗೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತೇ ಬೇಕಾಯಿತು. ಒಂದೇ ಒಂದು ಬೆಂಚಿಲ್ಲ. ನೆಲದ ತುಂಬ ಸೂಜಿಯಂಥ ಪೈನ್ ಎಲೆ, ಕಾಲು ಜಾರುತ್ತದೆ. ಎರಡೂ ಗೋಡೆಗೆ ಸಾಲಾಗಿ ಗಾಜಿನ ಪೆಟ್ಟಿಗೆಯೊಳಗೆ ಸಂತರು. ಅವರ ಎದೆಯ ಮೇಲೆ ಕನ್ನಡಿಗಳು. ನಡುವೆ ದೊಡ್ಡ ಜಾಗದಲ್ಲಿ ಇರೋದು ಸ್ನಾನಿಕ ಯೋಹಾನ. ಏಸುವಿಗಿಂತ ಇಲ್ಲಿ ಅವನೇ ಮುಂದೆ. ಊರಿನ ಸ್ವಂತ ಪಾದ್ರಿ ಅಂತ ಯಾರೂ ಇಲ್ಲ. ದೀಕ್ಷಾಸ್ನಾನಕ್ಕೆ ಹೊರಗಿನಿಂದ ಬಂದು ಹೋಗುತ್ತಾರೆ, ಅಷ್ಟೇ.

ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ನಿಂತೆವು. ನಮ್ಮ ಮುಂದೆ ಒಂದು ಮನೆಯವರು ಬಂದರು. ಅಪ್ಪ, ಅಮ್ಮ, ಎಂಟು ವರ್ಷದ ಹಾಗೆ ಕಾಣುವ ಹುಡುಗಿ, ಜೊತೆಗೆ ವಯಸ್ಸಾದ ಒಬ್ಬ ಹೆಂಗಸು. ಈಕೆ ಇಲೋಲ್, ಅಂದರೆ ನೋಡಬಲ್ಲವಳು. ಕಾಯಿಲೆ ನೋಡಿ ವಾಸಿ ಮಾಡುವವರಿಗೆ ಇರೋ ಹೆಸರು. ಅಪ್ಪ ಕೈಯಿಂದ ಎಲೆ ಸರಿಸಿ ನೆಲ ತೆರವು ಮಾಡಿದ. ತೆಳ್ಳನೆಯ ಮೇಣದಬತ್ತಿಗಳ ಬುಡ ಕರಗಿಸಿ ಒಂದೊಂದಾಗಿ ನೆಲಕ್ಕೆ ಅಂಟಿಸಿದ. ಹುಡುಗಿ ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳುತ್ತಿದ್ದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು. ರಕ್ತ ಮಾತಾಡುತ್ತದೆ, ಇಲೋಲ್‌ಗೆ ಅದು ಕೇಳಿಸುತ್ತದೆ ಅಂತ ಇವರ ನಂಬಿಕೆ. ಬೆಚ್ಚಿಬಿದ್ದರೆ ಆತ್ಮದ ಒಂದು ಭಾಗ ಕಳೆದುಹೋಗುತ್ತದೆ. ಅದನ್ನು ಕರೆದು ತರಬೇಕು.

ಅಜ್ಜಿಯ ಪ್ರಾರ್ಥನೆ ಶುರುವಾಯಿತು. ಹಾಡೂ ಅಲ್ಲ, ಮಾತೂ ಅಲ್ಲ. ಮೊಟ್ಟೆ ತಗೊಂಡು ಹುಡುಗಿಯ ತಲೆಯಿಂದ ಕಾಲಿನವರೆಗೆ ಆಡಿಸಿದರು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ನಮ್ಮ ಅಜ್ಜಿ ದೃಷ್ಟಿ ನಿವಾಳಿಸುತ್ತಿದ್ದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಆಮೇಲೆ ಕೋಳಿ. ಮೇಣದಬತ್ತಿಗಳ ಮೇಲೆ ಆಡಿಸಿ, ಹುಡುಗಿಗೆ ಸವರಿ, ಒಂದೇ ಸಲ ಕತ್ತು ತಿರುಗಿಸಿದರು. ಸದ್ದೇ ಆಗಲಿಲ್ಲ. ಕಬ್ಬಿನಿಂದ ಮಾಡಿದ ಪೋಶ್ ಅನ್ನೋ ಸಾರಾಯಿ ನೆಲಕ್ಕೆ ಚಿಮುಕಿಸಿದರು. ಪೋಶ್ ಅಂದರೆ ಅವರ ಭಾಷೆಯಲ್ಲಿ ಮದ್ದು. ಹುಡುಗಿಗೆ ಕೋಲಾ ಕುಡಿಸಿದರು. ತೇಗು ಬಂದರೆ ಒಳಗಿನ ಕೆಟ್ಟದ್ದು ಹೊರಬರುತ್ತದೆ ಅಂತ. ತೇಗು ಬಂತು. ಅಮ್ಮನ ಮುಖ ಸಡಿಲವಾಯಿತು.

ಅದೇ ಹೊತ್ತಿಗೆ ಪ್ರವಾಸಿಯೊಬ್ಬರು ಜಾಕೆಟ್ ಮರೆಯಲ್ಲಿ ಫೋನು ಎತ್ತಿದರು. ಬಿಳಿ ಉಣ್ಣೆಯ ನಿಲುವಂಗಿಯ ಕಾವಲಿನವರು ಬಂದು ಅವರನ್ನು ಹೊರಗೆ ಕರಕೊಂಡು ಹೋದರು. ಸರಿಯಾಗಿಯೇ ಮಾಡಿದರು. ನಮ್ಮ ಮನೆಯ ಮಗುವಿಗೆ ಹುಷಾರಿಲ್ಲದಾಗ ಯಾರೋ ಬಂದು ಕ್ಯಾಮೆರಾ ಹಿಡಿದರೆ ನಾವು ಸುಮ್ನೆ ಇರುತ್ತೇವಾ?

ಇನ್ನೊಂದು ವಿಷಯವನ್ನೂ ಹೇಳಲೇಬೇಕು. 1970ರ ದಶಕದಿಂದ, ಊರಿನ ಈ ಕ್ಯಾಥೊಲಿಕ್ ಸಂಪ್ರದಾಯ ಬಿಟ್ಟು ಪ್ರಾಟೆಸ್ಟಂಟ್ ಪಂಗಡ ಸೇರಿದವರನ್ನು ಈ ಊರಿಂದ ಸಾವಿರಗಟ್ಟಲೆ ಓಡಿಸಿದ್ದಾರೆ. ಅವರಲ್ಲಿ ಎಷ್ಟೋ ಜನ ಸಾನ್ ಕ್ರಿಸ್ತೋಬಾಲ್‌ನ ಅಂಚಿನಲ್ಲಿ ಮನೆ ಕಟ್ಟಿಕೊಂಡರು. ಇದನ್ನು ಹೇಳುವಾಗ ಗೈಡ್ ದನಿ ತಗ್ಗಿತು. ನನಗೂ ಕಷ್ಟವಾಯಿತು. ಆ ಹುಡುಗಿಯ ಮುಂದೆ ಉರಿಯುತ್ತಿದ್ದ ದೀಪಗಳೂ ನಿಜ, ಮನೆ ಬಿಟ್ಟು ಹೋದವರ ನೋವೂ ನಿಜ.

ನಾವು ಹೊರಡುವಾಗ ಆ ಮನೆಯವರ ಮೇಣದಬತ್ತಿಗಳು ಪೂರ್ತಿ ಉರಿದಿದ್ದವು. ಒಬ್ಬರು ಬಂದು ನೆಲಕ್ಕೆ ಅಂಟಿದ ಮೇಣವನ್ನು ಕೆರೆದು ತೆಗೆದರು. ಬಾಗಿಲಲ್ಲಿ ಕಾಯುತ್ತಿದ್ದ ಮುದುಕ ಮುದುಕಿ ಒಳಗೆ ಬಂದು, ಅದೇ ಜಾಗದಲ್ಲಿ ಮಂಡಿಯೂರಿ, ಪೈನ್ ಎಲೆ ಸರಿಸತೊಡಗಿದರು.