ಬೆಂಚು ಹಾಕುವ ಮೊದಲು

14 ಜೂನ್ 2024, ಶುಕ್ರವಾರ

ಆಪ್ತಸಮಾಲೋಚನೆ ಮಾಡಲು ಬರುವ ಹೊಸ ಕಾರ್ಯಕರ್ತೆಯರ ತರಬೇತಿ ಟಿಪ್ಪಣಿಯನ್ನು ಇವತ್ತು ತಿದ್ದಿ ಮುಗಿಯಿತು.

ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ 14 ಅಜ್ಜಿಯರ ಜೊತೆ ಶುರುಮಾಡಿದ ‘ಫ್ರೆಂಡ್‌ಶಿಪ್ ಬೆಂಚ್’ ಎಲ್ಲರಿಗೂ ಇಷ್ಟ. ತರಬೇತಿ ಪಡೆದ ಅಜ್ಜಿ ಕ್ಲಿನಿಕ್ ಹೊರಗಿನ ಬೆಂಚಿನಲ್ಲಿ ಕೂತು, ಬಂದವರ ಕಷ್ಟ ಕೇಳುವ ಕ್ರಮ ಅದು. 24 ಕ್ಲಿನಿಕ್‌ಗಳ 573 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಚಿನಲ್ಲಿ ಕೂತು ಮಾತಾಡಿದವರಲ್ಲಿ ಆರು ತಿಂಗಳ ಬಳಿಕ ಖಿನ್ನತೆಯ ಲಕ್ಷಣಗಳು ಸ್ಪಷ್ಟವಾಗಿ ತಗ್ಗಿದ್ದವು. ಅದನ್ನು ನೋಡಿ ಅನೇಕರು ಬೆಂಚು ಮಾಡಿಸಲು ಹೊರಡುತ್ತಾರೆ. ಆದರೆ ಬೆಂಚು ಉಳಿಯುವುದು ಅದರ ಹಿಂದಿರುವ ಮೇಲ್ವಿಚಾರಣೆಯಿಂದ.

ಮಾತುಕತೆಯ ಕ್ರಮ ಸರಳ. ಬಂದವರು ಕಷ್ಟಗಳನ್ನೆಲ್ಲ ಹೇಳಿಕೊಳ್ಳಲಿ. ಅದರಲ್ಲಿ ಒಂದನ್ನು ಅವರೇ ಆರಿಸಲಿ. ‘ಸಾಲ ತೀರಬೇಕು’ ಎಂಬುದು ತೀರಾ ದೊಡ್ಡದು; ‘ಬುಧವಾರದೊಳಗೆ ಸಾಲ ಕೊಟ್ಟವರ ಬಳಿ ಕಂತಿನ ಮಾತಾಡುವುದು’ ಎಂಬಷ್ಟಕ್ಕೆ ಇಳಿಸಬೇಕು. ಯಾವಾಗ, ಎಲ್ಲಿ, ಯಾರ ಜೊತೆ ಎಂದು ಬರೆದುಕೊಂಡು ಮುಂದಿನ ವಾರ ಅಲ್ಲಿಂದಲೇ ಮುಂದುವರಿಸುವುದು. ಕೆಲಸ ಆಗದಿದ್ದರೆ ಅಡ್ಡ ಬಂದದ್ದೇನೆಂದು ಕೇಳಬೇಕು, ಗದರಬಾರದು. ಹೆಚ್ಚಾಗಿ ಕೆಡುವುದು ಇಲ್ಲೇ: ಕಾರ್ಯಕರ್ತೆ ಕನಿಕರದಿಂದಲೇ ಬೇಗ ಉಪಾಯ ಹೇಳಿಬಿಡುತ್ತಾಳೆ. ಅದು ಬಂದವರ ಯೋಜನೆ ಆಗುವುದಿಲ್ಲ, ಅವರು ಅದನ್ನು ಮಾಡುವುದೂ ಇಲ್ಲ.

ಬೆಂಚು ಕಣ್ಣಿಗೆ ಕಾಣಲಿ, ಮಾತು ಮಾತ್ರ ಕಿವಿಗೆ ಬೀಳದಷ್ಟು ದೂರವಿರಲಿ.

ಖಿನ್ನತೆಯನ್ನು ಅಳೆಯುವ, ಪಿಎಚ್‌ಕ್ಯೂ–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಚಾರಿಸಿ ನೋಡಬೇಕು. ಅದು ರೋಗನಿರ್ಣಯವಲ್ಲ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅಲ್ಲಿ ಸೊನ್ನೆಗಿಂತ ಹೆಚ್ಚು ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ನೇರವಾಗಿ ಕೇಳಲೇಬೇಕು: ಯೋಜನೆ ಇದೆಯೇ, ಸಾಧನ ಕೈಗೆ ಸಿಗುವಂತಿದೆಯೇ? ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಒಬ್ಬರನ್ನೇ ಬಿಡದೆ, ವಿಷ, ಮಾತ್ರೆಗಳನ್ನು ದೂರವಿರಿಸಿ, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಇಂಥ ಹೊತ್ತಿನಲ್ಲಿ ಗುಟ್ಟು ಕಾಯಲಾಗದು ಎಂಬುದನ್ನು ಮೊದಲ ದಿನವೇ ತಿಳಿಸಿರಬೇಕು. ಯಾವ ವೈದ್ಯರು, ಯಾವ ಫೋನ್ ಸಂಖ್ಯೆ, ರಾತ್ರಿಯಾದರೆ ಯಾರು ಎಂಬುದು ಬೆಂಚು ಹಾಕುವ ಮೊದಲೇ ತೀರ್ಮಾನವಾಗಲಿ.

ಮೇಲ್ವಿಚಾರಣೆಗೆಂದು ವಾರಕ್ಕೊಮ್ಮೆ ಗುಂಪಾಗಿ ಕೂತು ಪ್ರಕರಣ ಚರ್ಚಿಸುವುದನ್ನು ಖರ್ಚು ಉಳಿಸಲೆಂದು ಮೊದಲು ಕೈಬಿಡುತ್ತಾರೆ. ಬಿಟ್ಟರೆ ಕಾರ್ಯಕರ್ತೆಯರು ಮೆಲ್ಲಗೆ ಬುದ್ಧಿಹೇಳುವ ರೂಢಿಗೆ ಜಾರುತ್ತಾರೆ. ಕೇಳಿದ ನೋವನ್ನು ಇಳಿಸಿಕೊಳ್ಳಲು ಜಾಗವಿಲ್ಲದೆ ಕೆಲಸವನ್ನೇ ಬಿಡುತ್ತಾರೆ. ಅವರಿಗೆ ಸಂಬಳ ಕೊಡದೆ ‘ಸೇವೆ’ ಎನ್ನುವುದೂ ಅನ್ಯಾಯವೇ. ಬಜೆಟ್‌ನಲ್ಲಿ ವಾರದ ಚರ್ಚೆ, ಸಂಬಳ ಈ ಎರಡನ್ನೂ ಮೊದಲ ಸಾಲಿಗೆ ಬರೆದಿದ್ದೇವೆ.